ಮನೆ ಓನರು ಕಟ್ಟುವ ಕಂತು

ಬೆಂಗಳೂರಿನ ವಿಜಯನಗರದಲ್ಲಿ ನಮ್ಮಮ್ಮ ಮಹಡಿ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದಾಳೆ. ಹತ್ತು ತಿಂಗಳ ಅಡ್ವಾನ್ಸೇ ಅವಳ ಇನ್ಶೂರೆನ್ಸು. ನಲ್ಲಿ ಮುರಿಯಲಿ, ಗೋಡೆಗೆ ಮೊಳೆ ಹೊಡೆಯಲಿ, ಮಗು ಬಾಗಿಲ ಮೇಲೆ ಅ ಆ ಇ ಈ ತಿದ್ದಲಿ, ಎಲ್ಲಕ್ಕೂ ಅದರಲ್ಲೇ ಪರಿಹಾರ. ಖಾಲಿ ಮಾಡುವ ದಿನ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಮಿಕ್ಕಿದ್ದನ್ನು ಎಣಿಸಿ ಕೊಟ್ಟರೆ ಕ್ಲೇಮು ಸೆಟಲ್ ಆದಂತೆ. ಇಂಗ್ಲೆಂಡಿನ ರೆಡಿಂಗ್ ಊರಲ್ಲಿರುವ ನಮ್ಮ ಪುಟ್ಟ ಮನೆಗೆ ನಾನು ವರ್ಷಾ ವರ್ಷ ವಿಮೆ ಕಟ್ಟುತ್ತೇನೆಂದರೆ ಅವಳಿಗೆ ಸಿಟ್ಟೇ ಬರುತ್ತದೆ. "ಬಾಡಿಗೆ ತಗೊಳ್ಳೋನು ನೀನು. ದುಡ್ಡು ಕಟ್ಟೋನೂ ನೀನೇನಾ?"

ಇಲ್ಲಿ ಹಾಗೇ. 2019ರ ಜೂನ್‌ನಿಂದ ಸಾಧಾರಣ ಬಾಡಿಗೆಯ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವ ಹಾಗಿಲ್ಲ. ಆ ಐದು ವಾರದ್ದನ್ನೂ ಸುಮ್ಮನೆ ಜೇಬಿಗಿಳಿಸುವ ಹಾಗಿಲ್ಲ. ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದಕ್ಕೆ ಮೂವತ್ತು ದಿನದೊಳಗೆ ಸೇರಿಸಬೇಕು. ಚಳಿಗಾಲದಲ್ಲಿ ಅಟ್ಟದ ಪೈಪು ಹೆಪ್ಪುಗಟ್ಟಿ ಒಡೆದು ಚಾವಣಿ ಕುಸಿದರೆ ಐದು ವಾರದ ಬಾಡಿಗೆ ಯಾವ ಮೂಲೆಗೆ? ಹಾಗಾಗಿ ಲ್ಯಾಂಡ್‌ಲಾರ್ಡ್ ಇನ್ಶೂರೆನ್ಸ್ ಎಂಬುದೊಂದಿದೆ. ಕಾನೂನಿನಲ್ಲಿ ಕಡ್ಡಾಯವೇನಲ್ಲ, ಆದರೆ ಮನೆ ಮೇಲೆ ಸಾಲ ಕೊಟ್ಟವರು ಕಟ್ಟಡದ ವಿಮೆ ಇಲ್ಲದೆ ಬಿಡುವುದಿಲ್ಲ.

ನಮ್ಮದು ಕೆಂಪಿಟ್ಟಿಗೆಯ ಸಾಲುಮನೆ. ಒಂಬತ್ತು ವರ್ಷ ನಾವೇ ಇದ್ದದ್ದು. ಕೆಲಸ ಸ್ವಿಂಡನ್ನಿಗೆ ಬದಲಾದಾಗ ಮಾರಲು ಮನಸ್ಸು ಬರಲಿಲ್ಲ. ಬಾಡಿಗೆಗೆ ಕೊಡುವ ತಿಂಗಳೇ ಬಾಯ್ಲರ್ ಕೈಕೊಟ್ಟಿತು, ಕಾರ್ಪೆಟ್ ಬದಲಾಯಿಸಬೇಕಾಯಿತು, ಏಜೆಂಟನ ಫೀಸು ಬೇರೆ. ಅಂಥ ಹೊತ್ತಿನಲ್ಲಿ ವಿಮೆಯವರು ಕಂಪ್ಯೂಟರಿನಲ್ಲಿ ಎರಡು ಚೌಕ ತೋರಿಸಿ ವರ್ಷಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಎಂದು ಕೇಳಿದರು. ಬೆರಳು ತಾನಾಗಿ ತಿಂಗಳಿನ ಕಡೆ ಹೋಯಿತು.

ಆಮೇಲೆ ಪ್ರತಿ ಮಾರ್ಚಿಗೂ ರಿನ್ಯೂವಲ್ ಪತ್ರ. ಅದರ ಮೊದಲ ಸಾಲು ನನಗೆ ಬಾಯಿಪಾಠ: ನೀವೇನೂ ಮಾಡಬೇಕಾಗಿಲ್ಲ, ಎಲ್ಲ ತಾನಾಗಿ ಮುಂದುವರಿಯುತ್ತದೆ. ಸಂಸಾರಸ್ಥನಿಗೆ ಇದಕ್ಕಿಂತ ಇಂಪಾದ ಮಾತುಂಟೆ? ಆರು ವರ್ಷ ಶ್ರದ್ಧೆಯಿಂದ ಏನೂ ಮಾಡದೆ ಕೂತಿದ್ದೆ.

ಈ ಸಲದ ಪತ್ರ ನನ್ನ ಹೆಂಡತಿಯ ಕೈಗೆ ಸಿಕ್ಕಿತು. ಟ್ಯಾಕ್ಸಿನ ಲೆಕ್ಕಕ್ಕೆ ಕಾಗದ ಹುಡುಕುತ್ತಿದ್ದಳು. ಒಟ್ಟಿಗೆ ಕಟ್ಟಿದರೆ 336 ಪೌಂಡ್. ಕಂತಿನಲ್ಲಾದರೆ ಮೊದಲ ದಿನವೇ 30.80, ಆಮೇಲೆ ಅಷ್ಟೇ ಮೊತ್ತದ ಹನ್ನೊಂದು ಕಂತು, ಕೂಡಿದರೆ 369.60.

"ಮೂವತ್ತಮೂರು ಪೌಂಡು ಅರವತ್ತು ಪೆನ್ಸು ಜಾಸ್ತಿ," ಅಂದಳು.

"ಹತ್ತು ಪರ್ಸೆಂಟು. ಹೋಟೆಲಲ್ಲಿ ಟಿಪ್ಸ್ ಇಟ್ಟಹಾಗೆ ಅಂದ್ಕೋ."

ಅವಳು ಕನ್ನಡಕ ಹಣೆಗೇರಿಸಿ ಕಾಗದವನ್ನು ಮೂಗಿನ ಹತ್ತಿರ ಹಿಡಿದಳು. ಕೆಳಗೆ ಸಾಸಿವೆ ಕಾಳಿನಷ್ಟು ದಪ್ಪದ ಅಕ್ಷರದಲ್ಲಿ ಎಪಿಆರ್, ಅಂದರೆ ವರ್ಷದ ಬಡ್ಡಿ ದರ, ಶೇ 23.6 ಎಂದಿತ್ತು. ಅಚ್ಚಿನ ತಪ್ಪಿರಬೇಕೆಂದು ನಾನು ವಾದಿಸಿದೆ. ಮೂವತ್ತಮೂರು ಪೌಂಡು ಮುನ್ನೂರ ಮೂವತ್ತಾರರ ಹತ್ತನೇ ಒಂದು ಪಾಲು. ಇಪ್ಪತ್ತಮೂರು ಎಲ್ಲಿಂದ ಬಂತು?

"ರೀ, ಪಕ್ಕದ ಮನೆಯಿಂದ ಒಂದು ಮೂಟೆ ಅಕ್ಕಿ ಸಾಲ ತಂದಿದ್ದೀರಿ ಅನ್ನಿ. ತಿಂಗಳು ತಿಂಗಳು ಸೇರು ಲೆಕ್ಕದಲ್ಲಿ ವಾಪಸು ಅಳೀತಾ ಬಂದ್ರಿ. ಆರನೇ ತಿಂಗಳಿಗೆ ನಿಮ್ಮ ತಲೆ ಮೇಲೆ ಇರೋದು ಅರ್ಧ ಮೂಟೆ. ಬಡ್ಡಿ ಮಾತ್ರ ಇಡೀ ಮೂಟೆ ವರ್ಷವೆಲ್ಲ ನಿಮ್ಮಲ್ಲೇ ಇದ್ದಹಾಗೆ ಹಾಕಿದ್ದಾರೆ."

ಲಕೋಟೆಯ ಹಿಂಬದಿಗೆ ಲೆಕ್ಕ ಹಾಕಿಯೇ ತೋರಿಸಿದಳು. ಮೊದಲ ಕಂತು ಅಂದೇ ಹೋಗುವುದರಿಂದ ಸಾಲ ಶುರುವಾಗುವುದು 305.20ರಿಂದ. ತಿಂಗಳು ತಿಂಗಳು ಕರಗುತ್ತ ಹೋಗಿ ಹನ್ನೆರಡನೇ ತಿಂಗಳಿಗೆ ಏನೂ ಉಳಿದಿರುವುದಿಲ್ಲ. ವರ್ಷದ ಸರಾಸರಿ ಹಿಡಿದರೆ ನಾವು ನಿಜವಾಗಿ ಅವರ ದುಡ್ಡು ಇಟ್ಟುಕೊಂಡಿದ್ದು ಸುಮಾರು 157 ಪೌಂಡ್. ಅದಕ್ಕೆ 33.60 ಬಡ್ಡಿ. ಅದೇ 157 ಪೌಂಡನ್ನು ಶೇ 4 ಕೊಡುವ ಉಳಿತಾಯ ಖಾತೆಯಲ್ಲಿಟ್ಟರೆ ವರ್ಷಕ್ಕೆ ಆರು ಪೌಂಡು ಚಿಲ್ಲರೆ. ಆರು ಗಳಿಸಲು ಮೂವತ್ತಮೂರು ಕೊಡುವ ಜಾಣತನವನ್ನು ಆರು ವರ್ಷ ಮಾಡಿಕೊಂಡು ಬಂದಿದ್ದೆ.

ಇನ್ನೊಂದು ತಮಾಷೆಯೂ ಅವಳ ಕಣ್ಣಿಗೇ ಬಿತ್ತು. ಆ 336ರಲ್ಲಿ 36 ಪೌಂಡು ವಿಮೆ ತೆರಿಗೆ. 1994ರಲ್ಲಿ ಶೇ 2.5 ಇದ್ದದ್ದು 2017ರ ಜೂನ್‌ನಿಂದ ಶೇ 12. ಕಂತು ಕಟ್ಟುವವನು ಸರ್ಕಾರದ ತೆರಿಗೆಯನ್ನೂ ಸಾಲ ಮಾಡಿ ಕಟ್ಟಿ, ಅದಕ್ಕೂ ಬಡ್ಡಿ ತೆರುತ್ತಾನೆ.

ನಮ್ಮಪ್ಪ ಮೇಷ್ಟರು. ಅವರ ಎಲ್‌ಐಸಿ ಸಂಬಳದಲ್ಲೇ ಮುರಿದುಹೋಗುತ್ತಿತ್ತು. ತಿಂಗಳ ಕಂತೆಂದರೆ ಶಿಸ್ತು ಎಂಬ ಭಾವನೆ ನನಗೆ ಬಂದದ್ದು ಅಲ್ಲಿಂದಲೇ ಇರಬೇಕು. ಎಲ್‌ಐಸಿಯಲ್ಲೂ ಎಷ್ಟೋ ಪಾಲಿಸಿಗಳಿಗೆ ವರ್ಷಕ್ಕೊಮ್ಮೆ ಕಟ್ಟಿದರೆ ಶೇ 2, ಆರು ತಿಂಗಳಿಗೊಮ್ಮೆ ಕಟ್ಟಿದರೆ ಶೇ 1 ರಿಯಾಯಿತಿ ಉಂಟು. ಅಮ್ಮನ ಮನೆ ಕಂದಾಯವೂ ಹಾಗೇ: ಏಪ್ರಿಲ್ ಮುಗಿಯುವುದರೊಳಗೆ ವರ್ಷದ್ದೆಲ್ಲ ಒಟ್ಟಿಗೆ ಕಟ್ಟಿದರೆ ಪಾಲಿಕೆಯವರು ಶೇ 5 ಬಿಡುತ್ತಾರೆ. ಯುಗಾದಿ ಒಬ್ಬಟ್ಟಿನ ಕಡಲೆಬೇಳೆ ತರುವಾಗಲೇ ಅವಳಿಗೆ ಕಂದಾಯದ ನೆನಪು. ಅಲ್ಲಿ ಬೇಗ ಕೊಟ್ಟವರಿಗೆ ಬೆನ್ನು ತಟ್ಟುತ್ತಾರೆ. ಇಲ್ಲಿ ನಿಧಾನವಾಗಿ ಕೊಡುವವನಿಗೆ ಅವನಿಗೇ ಗೊತ್ತಾಗದ ಹಾಗೆ ಸಾಲ ಮಾರುತ್ತಾರೆ. ಎಷ್ಟೋ ಸಲ ಆ ಸಾಲ ಕೊಡುವುದು ವಿಮೆ ಕಂಪನಿಯೂ ಅಲ್ಲ, ಬೇರೊಂದು ಫೈನಾನ್ಸ್ ಕಂಪನಿ. ಡೈರೆಕ್ಟ್ ಡೆಬಿಟ್ ಎಂದು ನಾನು ತಿಳಿದು ಸಹಿ ಮಾಡಿದ್ದು ಒಂದು ಸಾಲಪತ್ರಕ್ಕೆ! ಹಣಕಾಸಿನ ನಿಯಂತ್ರಕ ಸಂಸ್ಥೆ ಎಫ್‌ಸಿಎ 2024ರ ಅಕ್ಟೋಬರಿನಲ್ಲಿ ಈ ಕಂತಿನ ವ್ಯಾಪಾರದ ಪರಿಶೀಲನೆ ಶುರುಮಾಡಿತು. ನಮ್ಮ ಮನೆಯಲ್ಲಿ ಪರಿಶೀಲನೆ ಶುರುವಾದದ್ದು ಅದಕ್ಕಿಂತ ತಡವಾಗಿ, ತೀರ್ಪು ಮಾತ್ರ ಅಂದೇ ಬಂತು.

ಕಂತಿನವರೆಲ್ಲ ದಡ್ಡರೇನಲ್ಲ. ಬಾಯ್ಲರ್ ಕೆಟ್ಟ ಆ ಮೊದಲ ತಿಂಗಳು ಕಂತಿಲ್ಲದಿದ್ದರೆ ನಾನು ಕ್ರೆಡಿಟ್ ಕಾರ್ಡು ಉಜ್ಜುತ್ತಿದ್ದೆ. ಬಡ್ಡಿಯಿಲ್ಲದೆ ಹನ್ನೆರಡು ಪಾಲು ಮಾಡಿಕೊಡುವ ಕಂಪನಿಗಳೂ ಇವೆ, ಸಿಕ್ಕರೆ ಬಿಡಬಾರದು. ನನಗೆ ಕಸಿವಿಸಿಯಾಗುವುದು ಬೇರೆ ಕಾರಣಕ್ಕೆ. ಕೈಯಲ್ಲಿ ಮುನ್ನೂರು ಪೌಂಡಿದ್ದವನಿಗೆ ವಿಮೆ ಅಗ್ಗ, ಇಲ್ಲದವನಿಗೇ ದುಬಾರಿ. ಇದ್ದೂ ಕಂತು ಕಟ್ಟುತ್ತಿದ್ದ ನನ್ನಂಥವನ ಬಗ್ಗೆ ಯಾರೂ ಮರುಗಬೇಕಿಲ್ಲ.

ಕಂತಿನಲ್ಲಿ ಅಪಾಯವೂ ಇತ್ತು. ಮೂರನೇ ವರ್ಷ ಬ್ಯಾಂಕ್ ಖಾತೆ ಬದಲಾಯಿಸಿದಾಗ ಒಂದು ಕಂತು ವಾಪಸಾಯಿತು. ಎಚ್ಚರಿಕೆಯ ಪತ್ರ ರೆಡಿಂಗ್ ಮನೆಗೇ ಹೋಯಿತು. ಅಲ್ಲಿ ಬಾಡಿಗೆಗಿದ್ದ ಹುಡುಗಿ, ಕೇರಳದವಳು, ಆಸ್ಪತ್ರೆಯಲ್ಲಿ ನರ್ಸು, ಅದನ್ನು ಪಿಜ್ಜಾ ಅಂಗಡಿಯ ಕರಪತ್ರಗಳ ಜೊತೆ ರೇಡಿಯೇಟರ್ ಮೇಲೆ ಜೋಪಾನವಾಗಿಟ್ಟಿದ್ದಳು. ಇನ್ನೆರಡು ದಿನ ತಡವಾಗಿದ್ದರೆ ಪಾಲಿಸಿ ರದ್ದು. ಒಮ್ಮೆ ರದ್ದಾಯಿತೆಂದರೆ ಮುಂದೆ ಯಾರ ಹತ್ತಿರ ವಿಮೆ ಕೇಳಿದರೂ ಹಿಂದೆಂದಾದರೂ ರದ್ದಾಗಿತ್ತೆ ಎಂಬ ಪ್ರಶ್ನೆ ತಪ್ಪದು, ಮದುವೆ ಮಾತುಕತೆಯಲ್ಲಿ ಮುರಿದುಹೋದ ಹಳೇ ಸಂಬಂಧ ಕೇಳಿದ ಹಾಗೆ.

ಹೆಂಡತಿ ಲೆಕ್ಕ ತೋರಿಸಿದ ದಿನ ಸಂಜೆಯೇ 336 ಪೌಂಡು ಒಂದೇ ಏಟಿಗೆ ಕಟ್ಟಿದೆ. ಹಲ್ಲು ಕೀಳಿಸಿಕೊಂಡ ಹಾಗಾಯಿತು. ಅಮ್ಮನಿಗೆ ಫೋನ್ ಮಾಡಿ ಉಳಿಸಿದ್ದನ್ನು ಹೇಳಿದೆ. ಅವಳು ರೂಪಾಯಿಗೆ ಗುಣಿಸಿ, "ಅಷ್ಟು ವರ್ಷದ್ದು ಯಾರಿಗೆ ಕೊಟ್ಟೆಯೋ?" ಅಂದಳು. ಮಾತು ಬದಲಾಯಿಸಿದೆ.

ಫೋನ್ ಇಡುವಷ್ಟರಲ್ಲಿ ನರ್ಸ್ ಹುಡುಗಿಯ ಮೆಸೇಜು. ಊರಿಗೆ ದುಡ್ಡು ಕಳಿಸಬೇಕಾಗಿ ಬಂದಿದೆ. ಈ ತಿಂಗಳ ಬಾಡಿಗೆ ಅರ್ಧ ಒಂದನೇ ತಾರೀಕು, ಮಿಕ್ಕರ್ಧ ಹದಿನೈದಕ್ಕೆ ಕೊಡಬಹುದೇ ಅಂಕಲ್?

ಹೆಂಡತಿ ಭುಜದ ಮೇಲಿಂದ ಬಗ್ಗಿ ಓದಿದಳು. "ಎಪಿಆರ್ ಎಷ್ಟು ಅಂತ ಹಾಕ್ತೀರಾ?"

ಆಗಲಮ್ಮ, ಪರವಾಗಿಲ್ಲ ಎಂದು ಬರೆದು ಕಳಿಸಿದೆ.