ಕೇಳಿ ಕಟ್ಟಿದ ನಾಡು

ಕಜುಂಗುಲಾ ಸೇತುವೆ ನೇರವಾಗಿಲ್ಲ. ಬೋಟ್ಸ್ವಾನಾದ ದಡದಲ್ಲಿ ನಿಂತು ನೋಡಿದರೆ ಜಾಂಬೆಜಿ ನದಿಯ ಮೇಲೆ 923 ಮೀಟರ್ ಉದ್ದಕ್ಕೆ ಅದು ಬಿಲ್ಲಿನಂತೆ ಬಳುಕಿ ಆಚೆಯ ಜಾಂಬಿಯಾ ಸೇರುವುದು ಕಾಣುತ್ತದೆ. ನದಿಗೆ ಅಡ್ಡಲಾಗಿ ನೇರ ದಾರಿ ಇದ್ದೂ ಎಂಜಿನಿಯರುಗಳು ಬಾಗು ದಾರಿ ಹಿಡಿದದ್ದು ನೀರಿನ ರಭಸಕ್ಕೋ ಬಂಡೆಗೋ ಅಂಜಿ ಅಲ್ಲ. ನೇರ ಹೋದರೆ ಜಿಂಬಾಬ್ವೆಯ ನೆಲ ಸಿಗುತ್ತದೆ. ಆ ದೇಶ ಆಗ ಈ ಯೋಜನೆಯೊಳಗೆ ಇರಲಿಲ್ಲ. ಆದ್ದರಿಂದ ಕಾಂಕ್ರೀಟನ್ನೇ ಬಗ್ಗಿಸಿ, ನದಿಯ ನಡುವೆ ಬೋಟ್ಸ್ವಾನಾ ಮತ್ತು ಜಾಂಬಿಯಾ ಒಂದಕ್ಕೊಂದು ತಾಗುವ ನೂರಿನ್ನೂರು ಮೀಟರ್ ಜಾಗದೊಳಗೇ ಸೇತುವೆಯನ್ನು ಹಾಯಿಸಿದ್ದಾರೆ. ಎರಡು ದೇಶಗಳ ನಡುವಿನ ಇಷ್ಟು ಚಿಕ್ಕ ಗಡಿ ಜಗತ್ತಿನಲ್ಲಿ ಇನ್ನೊಂದಿಲ್ಲ.

ಚೋಬೆ ನದಿ ಬಂದು ಜಾಂಬೆಜಿಗೆ ಬೀಳುವ ಜಾಗ ಇದು. ಒಂದು ಕಡೆ ನಮೀಬಿಯಾದ ಮೊನೆ, ಇನ್ನೊಂದು ಕಡೆ ಜಿಂಬಾಬ್ವೆಯ ಕಾಡು. ಈ ಇಷ್ಟೇ ಇಷ್ಟು ನೀರಿಗಾಗಿ ನಡೆದ ಜಗಳದ ಕಥೆ ಕೇಳಿದಾಗ ನನಗೆ ಮೈ ಜುಮ್ಮೆಂದಿತು. 1970ರಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾಕ್ಕೂ ಜಾಂಬಿಯಾಕ್ಕೂ ಗಡಿಯೇ ಇಲ್ಲ ಎಂದು ವಾದ ಹೂಡಿತು. ಗಡಿ ಇಲ್ಲವೆಂದಾದರೆ ಬೋಟ್ಸ್ವಾನಾದ ಸುತ್ತಮುತ್ತ ಬಿಳಿಯರ ಆಳ್ವಿಕೆಯ ನೆಲವಲ್ಲದೆ ಬೇರೇನೂ ಉಳಿಯುತ್ತಿರಲಿಲ್ಲ: ದಕ್ಷಿಣಕ್ಕೆ ದಕ್ಷಿಣ ಆಫ್ರಿಕಾ, ಪಶ್ಚಿಮಕ್ಕೂ ಉತ್ತರಕ್ಕೂ ಅದೇ ಹಿಡಿದಿಟ್ಟುಕೊಂಡಿದ್ದ ನಮೀಬಿಯಾ, ಪೂರ್ವಕ್ಕೆ ಇಯಾನ್ ಸ್ಮಿತ್‌ನ ರೊಡೇಷಿಯಾ. ಉಸಿರಾಡಲು ಉಳಿದಿದ್ದ ಕಿಂಡಿ ಇದೊಂದೇ. ಬೋಟ್ಸ್ವಾನಾ ಆ ವಾದಕ್ಕೆ ಸೊಪ್ಪು ಹಾಕಲಿಲ್ಲ. ಅಮೆರಿಕದ ನೆರವು ಪಡೆದು ದಕ್ಷಿಣದ ನಾಟಾ ಊರಿನಿಂದ ಇಲ್ಲಿಯವರೆಗೆ ರಸ್ತೆ ಮಾಡಿತು. ರಸ್ತೆ ಮುಗಿಯುವಲ್ಲಿ ವಾಹನಗಳನ್ನು ದಾಟಿಸುವ ಜಂಗಲ್ ಇತ್ತು. 1979ರಲ್ಲಿ ರೊಡೇಷಿಯಾದ ಪಡೆ ಬಂದು ಅದನ್ನು ಮುಳುಗಿಸಿತು. ಮತ್ತೆ ಜಂಗಲ್ ಬಂತು. ಅದನ್ನು ಹತ್ತಲು ಲಾರಿಗಳು ದಿನಗಟ್ಟಲೆ ಸಾಲುಗಟ್ಟಿ ನಿಲ್ಲುತ್ತಿದ್ದವು. 2021ರ ಮೇ ತಿಂಗಳಲ್ಲಿ ಸೇತುವೆ ತೆರೆಯಿತು. ಈಗ ತಾಮ್ರ ಹೊತ್ತ ಲಾರಿಗಳು ಒಂದರ ಹಿಂದೊಂದು ಅದೇ ಬಾಗಿನಲ್ಲಿ ಸಾಗಿ ಬರುತ್ತವೆ.

ಅಲ್ಲಿಂದ ದಕ್ಷಿಣಕ್ಕೆ ಹೊರಟರೆ ನಾಟಾದವರೆಗೆ ಸುಮಾರು ಮುನ್ನೂರು ಕಿಲೋಮೀಟರ್. ಆನೆಗಳು ರಸ್ತೆ ದಾಟುವಾಗ ಚಾಲಕರು ಮಾತಿಲ್ಲದೆ ಗಾಡಿ ನಿಲ್ಲಿಸುತ್ತಾರೆ. ಪಾಂಡಾಮಾಟೆಂಗಾದಲ್ಲಿ ಕಾಡು ಹಿಂದೆ ಸರಿದು ಕಪ್ಪು ನೆಲ ತೆರೆದುಕೊಳ್ಳುತ್ತದೆ. ಕಣ್ಣು ಹಾಯುವಷ್ಟು ದೂರ ಜೋಳ. ವಿಜಯಪುರದ ಕಡೆಯ ಎರೆಹೊಲವನ್ನೇ ತಂದು ಇಲ್ಲಿ ಹಾಸಿದಂತಿತ್ತು. ಮಧ್ಯಾಹ್ನ ರಸ್ತೆ ಬದಿಯ ಹೋಟೆಲಿನಲ್ಲಿ ಆ ಜೋಳದ ಹಿಟ್ಟಿನಿಂದಲೇ ಮಾಡಿದ ಬೊಗೊಬೆಯ ಮುದ್ದೆ ಬಡಿಸಿದರು, ಪಕ್ಕದಲ್ಲಿ ಸೊಪ್ಪಿನ ಪಲ್ಯ. ಬೇರೆಯವರ ತಟ್ಟೆಗಳಲ್ಲಿ ಬೇಯಿಸಿ ಕುಟ್ಟಿದ ದನದ ಮಾಂಸವೂ ಇತ್ತು. ನಮ್ಮ ಬಯಲುಸೀಮೆಯ ಜೀವವಾದ ಈ ಧಾನ್ಯದ ತವರು ಆಫ್ರಿಕಾ ಎಂದು ಓದಿದ್ದು ಬಾಯಿಗೆ ಬಂದ ಮೇಲೆ ನಿಜವಾಯಿತು.

1966ರ ಸೆಪ್ಟೆಂಬರ್ 30ರಂದು ಸ್ವತಂತ್ರವಾದಾಗ ಈ ದೇಶದ ಕೈಯಲ್ಲಿ ಏನಿತ್ತು? ವರ್ಷಗಟ್ಟಲೆಯ ಬರಗಾಲ, ಸಾಯುತ್ತಿದ್ದ ದನಗಳು, ಬೆರಳೆಣಿಕೆಯ ಪದವೀಧರರು, ಇಡೀ ನಾಡಿಗೆ ಹತ್ತು ಹನ್ನೆರಡು ಕಿಲೋಮೀಟರ್ ಡಾಂಬರು ರಸ್ತೆ. 1965ರವರೆಗೆ ಸ್ವಂತ ರಾಜಧಾನಿಯೂ ಇರಲಿಲ್ಲ. ಬ್ರಿಟಿಷರು ಬೆಚುವಾನಾಲ್ಯಾಂಡ್ ಎಂದು ಕರೆಯುತ್ತಿದ್ದ ಈ ಪ್ರಾಂತವನ್ನು ಅದರ ಗಡಿಯ ಆಚೆ, ದಕ್ಷಿಣ ಆಫ್ರಿಕಾದ ಮಾಫೆಕಿಂಗ್‌ನಲ್ಲಿ ಕುಳಿತು ಆಳುತ್ತಿದ್ದರು. ಇನ್ನೂ ಅಚ್ಚರಿಯೆಂದರೆ, 1977ರವರೆಗೆ ಬೋಟ್ಸ್ವಾನಾಕ್ಕೆ ಸೈನ್ಯವೇ ಇರಲಿಲ್ಲ. ಪೊಲೀಸರಷ್ಟೇ. ತಿನ್ನುವ ಅನ್ನ, ಎಣಿಸುವ ದುಡ್ಡು ಎರಡೂ ದಕ್ಷಿಣ ಆಫ್ರಿಕಾದ ಮೂಲಕ ಬರಬೇಕಿತ್ತು. 1976ರವರೆಗೆ ನಡೆದದ್ದೂ ಅಲ್ಲಿಯ ರಾಂಡ್ ನಾಣ್ಯವೇ. ಹಾಗಿದ್ದೂ ವರ್ಣಭೇದ ಅಳಿಯುವವರೆಗೆ ಆ ಸರ್ಕಾರದೊಂದಿಗೆ ರಾಯಭಾರ ಸಂಬಂಧ ಬೆಳೆಸಲಿಲ್ಲ. ಓಡಿಬಂದ ನಿರಾಶ್ರಿತರಿಗೆ ಜಾಗ ಕೊಟ್ಟಿತು, ತನ್ನ ನೆಲದಿಂದ ಯಾರೂ ಬಂದೂಕು ಹಿಡಿದು ಹೊರಡಬಾರದು ಎಂದೂ ಹೇಳಿತು. ಈ ಹಗ್ಗದ ಮೇಲಿನ ನಡಿಗೆಗೆ ಬೆಲೆ ತೆರಬೇಕಾಯಿತು. 1985ರ ಜೂನ್ 14ರ ನಸುಕಿನಲ್ಲಿ ದಕ್ಷಿಣ ಆಫ್ರಿಕಾದ ಸೈನಿಕರು ಗಡಿ ದಾಟಿ ರಾಜಧಾನಿ ಗ್ಯಾಬೊರೋನ್‌ಗೆ ನುಗ್ಗಿ ಹನ್ನೆರಡು ಜನರನ್ನು ಕೊಂದರು. ಸತ್ತವರಲ್ಲಿ ಒಂದು ಮಗುವೂ ಇತ್ತು.

ಇಂಥ ನಾಡು ಹೇಗೆ ನಿಂತಿತು ಎಂಬುದು ಸೆರೋವೆಗೆ ಹೋದ ಮೇಲೆ ಅರ್ಥವಾಗತೊಡಗಿತು.

ಪಾಲಾಪ್ಯೆಯಲ್ಲಿ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ಮುಕ್ಕಾಲು ಗಂಟೆ ಹೋದರೆ ಸೆರೋವೆ. ಹಳ್ಳಿ ಎನ್ನುತ್ತಾರೆ, ನೋಡಿದರೆ ಹತ್ತಾರು ಸಾವಿರ ಜನರ ಊರು. ಕೆಂಪು ಮಣ್ಣಿನ ಅಂಗಳಗಳು, ನಡುವೆ ಥಾಥಗನ್ಯಾನಾ ಗುಡ್ಡ. ಗುಡ್ಡದ ಬುಡದಲ್ಲಿ ಖೋಟ್ಲಾ, ಅಂದರೆ ಊರು ಸೇರುವ ಸಭೆಯ ಜಾಗ. ಒರಟು ಮರದ ಕಂಬಗಳನ್ನು ಒತ್ತೊತ್ತಾಗಿ ಹುಗಿದು ಅರ್ಧ ಚಂದ್ರಾಕಾರಕ್ಕೆ ಕಟ್ಟಿದ ಬೇಲಿ, ಒಳಗೆ ಬರೀ ನೆಲ. ಊರಿನವರು ಸಭೆಗೆ ಬರುವಾಗ ಕೂರಲು ತಮ್ಮ ಕುರ್ಚಿ ತಾವೇ ತರುತ್ತಾರೆ. ಕಂಬಗಳ ತುದಿ ಮಳೆ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿ ಸೀಳು ಬಿಟ್ಟಿವೆ. ಕೈಯಾಡಿಸಿದರೆ ಕೆಲವು ಕಡೆ ನುಣುಪು, ಎಷ್ಟು ಬೆನ್ನುಗಳು ಒರಗಿದ್ದವೋ. ನಾನು ಹೋದಾಗ ಅಲ್ಲಿದ್ದ ಹಿರಿಯರೊಬ್ಬರಿಗೆ ಎರಡೂ ಕೈ ಜೋಡಿಸಿ ‘ದುಮೆಲಾ ರ್ರಾ’ ಎಂದೆ. ಅವರು ಟೋಪಿ ತೆಗೆದು ಪ್ರತಿನಮಸ್ಕಾರ ಮಾಡಿ, ಒಳಗೆ ನಡೆದುಕೊಳ್ಳಬೇಕಾದ ಒಂದೇ ನಿಯಮ ಹೇಳಿದರು: ‘ಇಲ್ಲಿ ತಪ್ಪು ಮಾತಾಡುವವನಿಗೂ ಮಾತು ಮುಗಿಸಲು ಬಿಡಬೇಕು.’ ಅರಸನಾದವನು, ಅವರ ಮಾತಿನಲ್ಲಿ ಖೋಸಿ, ಎಲ್ಲರ ಮಾತು ಮುಗಿದ ಮೇಲೆ ಕೊನೆಗೆ ಮಾತಾಡುತ್ತಾನೆ.

ಈ ನೆಲದ ಮೇಲೆ ಸೆರೆಟ್ಸೆ ಖಾಮಾ ನಿಂತಿದ್ದರು. ಬಾಂಗ್ವಾಟೊ ಜನರ ಅರಸುಮನೆಯ ಹುಡುಗ, ಆಕ್ಸ್‌ಫರ್ಡ್‌ನಲ್ಲಿಯೂ ಲಂಡನ್ನಿನಲ್ಲಿಯೂ ಓದುತ್ತಿದ್ದವರು. 1948ರಲ್ಲಿ ರೂತ್ ವಿಲಿಯಮ್ಸ್ ಎಂಬ ಬಿಳಿಯ ಹುಡುಗಿಯನ್ನು ಮದುವೆಯಾದರು. ರಾಜಪ್ರತಿನಿಧಿಯಾಗಿದ್ದ ಚಿಕ್ಕಪ್ಪ ಷೆಕೇಡಿ ಕೆಂಡಾಮಂಡಲವಾದರು. ಆ ವರ್ಷದ ನವೆಂಬರಿನಲ್ಲಿ ಖೋಟ್ಲಾ ಸೇರಿದಾಗ ಎದ್ದವರಲ್ಲಿ ಬಹುಪಾಲು ಜನ ಈ ಮದುವೆ ಸಲ್ಲದು ಎಂದೇ ಹೇಳಿದರು. ಯುವಕ ಸಿಟ್ಟಾಗಲಿಲ್ಲ, ಓಡಿಹೋಗಲೂ ಇಲ್ಲ. ಡಿಸೆಂಬರಿನಲ್ಲಿ ಮತ್ತೆ ಸಭೆ. 1949ರ ಜೂನ್‌ನಲ್ಲಿ ಮೂರನೆಯದು, ಸಾವಿರಾರು ಜನ, ದಿನಗಟ್ಟಲೆ ಮಾತು. ಕೊನೆಗೆ ಸೆರೆಟ್ಸೆ, ನನ್ನನ್ನೂ ನನ್ನ ಹೆಂಡತಿಯನ್ನೂ ಒಪ್ಪದವರು ಎದ್ದು ನಿಲ್ಲಿ ಎಂದರು. ಕೆಲವೇ ಕೆಲವರು ಎದ್ದರು. ಒಪ್ಪುವವರು ಎಂದಾಗ ಇಡೀ ಸಭೆ ಎದ್ದು ನಿಂತು ಗರ್ಜಿಸಿತು. ಏಳೇ ತಿಂಗಳಲ್ಲಿ ಒಂದು ಜನಾಂಗ ಬಾಯಿಮಾತಿನಿಂದ ತನ್ನ ಮನಸ್ಸನ್ನು ತಾನೇ ಬದಲಾಯಿಸಿಕೊಂಡಿತ್ತು. ಅದೇ ವರ್ಷ ಪಕ್ಕದ ದಕ್ಷಿಣ ಆಫ್ರಿಕಾ ಕರಿಯ ಬಿಳಿಯರ ಮದುವೆಯನ್ನು ನಿಷೇಧಿಸಿ ಕಾನೂನು ತಂದಿತು. ಈ ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ಆ ಬರಿ ನೆಲದ ಮೇಲೆ ನನಗೆ ಕಾಲೂರಲಾಗಲಿಲ್ಲ.

ಜನ ಒಪ್ಪಿದ್ದನ್ನು ಬ್ರಿಟನ್ ಒಪ್ಪಲಿಲ್ಲ. ದಕ್ಷಿಣ ಆಫ್ರಿಕಾದ ಚಿನ್ನ ಮತ್ತು ಯುರೇನಿಯಂ ಅದಕ್ಕೆ ಬೇಕಿತ್ತು. ಹ್ಯಾರಗಿನ್ ನೇತೃತ್ವದ ವಿಚಾರಣಾ ಸಮಿತಿ, ಸೆರೆಟ್ಸೆ ಅರಸನಾಗಲು ಎಲ್ಲ ರೀತಿಯಲ್ಲೂ ಯೋಗ್ಯರು, ಅಡ್ಡಿಯಾಗಿರುವುದು ಈ ಮದುವೆಗೆ ನೆರೆಯ ದೇಶಗಳು ತೋರುವ ಹಗೆ ಎಂಬರ್ಥದಲ್ಲಿ ಬರೆಯಿತು. ಆ ವರದಿಯನ್ನು ಮೂವತ್ತು ವರ್ಷ ಹೊರಗೆ ಬಿಡಲಿಲ್ಲ. 1950ರಲ್ಲಿ ಅವರನ್ನು ಗಡೀಪಾರು ಮಾಡಿದರು. ಬಾಂಗ್ವಾಟೊ ಜನ ಬೇರೊಬ್ಬ ಅರಸನನ್ನು ಆರಿಸಿಕೊಳ್ಳಲು ಒಪ್ಪದೆ ಹಟ ಹಿಡಿದು ಕುಳಿತರು. 1956ರಲ್ಲಿ ಅರಸುತನ ಬಿಟ್ಟುಕೊಟ್ಟು ಸಾಮಾನ್ಯ ಪ್ರಜೆಯಾಗಿ ಸೆರೆಟ್ಸೆ ಹಿಂತಿರುಗಿದರು. ಹತ್ತು ವರ್ಷದ ನಂತರ ಅದೇ ಮನುಷ್ಯ ದೇಶದ ಮೊದಲ ಅಧ್ಯಕ್ಷರಾದರು. ಕರಿಯ ಬಿಳಿಯರ ಸಹಬಾಳ್ವೆಯ ಗುರುತಾಗಿ ದೇಶದ ಬಾವುಟದ ನಡುವೆ ಬಿಳಿ ಅಂಚಿನ ಕಪ್ಪು ಪಟ್ಟಿ ಬಂದದ್ದು ಆಗಲೇ.

ಅರಸುತನ ಬಿಟ್ಟದ್ದಕ್ಕಿಂತ ದೊಡ್ಡ ಕೆಲಸ ಸೆರೆಟ್ಸೆ ಮಾಡಿದ್ದು ವಜ್ರದ ವಿಷಯದಲ್ಲಿ. 1967ರಲ್ಲಿ ಒರಾಪಾದಲ್ಲಿ ವಜ್ರದ ಗಣಿ ಸಿಕ್ಕಿತು, ಅದೂ ಸ್ವಂತ ಬಾಂಗ್ವಾಟೊ ಜನರ ನೆಲದಲ್ಲಿ. ನಮ್ಮದು ನಮಗೆ ಎಂದಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಆದರೆ ನೆಲದಡಿಯ ಖನಿಜವೆಲ್ಲ ಯಾವುದೇ ಒಂದು ಬುಡಕಟ್ಟಿನದಲ್ಲ, ಇಡೀ ದೇಶದ್ದು ಎಂದು ಅದೇ ವರ್ಷ ಕಾನೂನಾಯಿತು, ಬುಡಕಟ್ಟುಗಳು ಒಪ್ಪಿ ಬಿಟ್ಟುಕೊಟ್ಟವು. ಆಫ್ರಿಕಾದ ಬೇರೆ ಬೇರೆ ಕಡೆ ಇದೇ ಕಲ್ಲಿಗಾಗಿ ಹರಿದ ರಕ್ತ ನೆನಸಿಕೊಂಡರೆ ಈ ಒಂದು ಒಪ್ಪಂದ ಎಷ್ಟು ಜೀವ ಉಳಿಸಿತೋ ಎನಿಸುತ್ತದೆ. ಆಸ್ಪತ್ರೆ, ಶಾಲೆ, ರಸ್ತೆ ಬಹುಪಾಲು ಆ ದುಡ್ಡಿನಿಂದ ಆದವು. 2013ರಲ್ಲಿ ಡಿ ಬೀರ್ಸ್ ಕಂಪನಿ ತನ್ನ ಕಚ್ಚಾ ವಜ್ರದ ಮಾರಾಟವನ್ನು ಲಂಡನ್ನಿನಿಂದ ಗ್ಯಾಬೊರೋನ್‌ಗೇ ತಂದಿತು. ಅಲ್ಲಿ ವಜ್ರ ಕತ್ತರಿಸುವ ಕಾರ್ಖಾನೆಗಳಲ್ಲಿ ಗುಜರಾತಿ ಮಾತು ಕಿವಿಗೆ ಬೀಳುತ್ತದೆ.

ಪಾಲಾಪ್ಯೆಯಿಂದ ಗ್ಯಾಬೊರೋನ್ ತನಕ ಹೆದ್ದಾರಿಗೆ ಜೊತೆಯಾಗಿ ರೈಲು ಹಳಿ ಬರುತ್ತದೆ. ಮಹಲಾಪ್ಯೆ ದಾಟಿದ ಮೇಲೆ ಮಕರ ಸಂಕ್ರಾಂತಿ ವೃತ್ತದ ಫಲಕ ಕಾಣುತ್ತದೆ, ಎಲ್ಲರೂ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ಕಣ್ಣು ಮಾತ್ರ ಹಳಿಯ ಮೇಲಿತ್ತು. ಈ ದೇಶ ಉಳಿಯಲು ತೆತ್ತ ಬೆಲೆ ಆ ಹಳಿ ಮಲಗಿರುವ ನೆಲದ ಪಟ್ಟಿ.

1895ರಲ್ಲಿ ಸೆಸಿಲ್ ರೋಡ್ಸ್‌ನ ಕಂಪನಿಗೆ ಈ ಇಡೀ ನಾಡನ್ನು ವಹಿಸಿಬಿಡಲು ಬ್ರಿಟನ್ ತಯಾರಾಗಿತ್ತು. ಬಾಂಗ್ವಾಟೊಗಳ ಮೂರನೆಯ ಖಾಮಾ (ಸೆರೆಟ್ಸೆಯ ಅಜ್ಜ), ಬಾಕ್ವೆನಾಗಳ ಸೆಬೆಲೆ, ಬಾಂಗ್ವಾಕೆಟ್ಸೆಗಳ ಬಾತೋಯೆನ್ ಈ ಮೂವರು ಅರಸರು ಹಡಗು ಹತ್ತಿ ಲಂಡನ್ನಿಗೇ ಹೊರಟರು. ಜೊತೆಗೆ ವಿಲೋಬಿ ಎಂಬ ಪಾದ್ರಿ. ವಸಾಹತು ಸಚಿವ ಜೋಸೆಫ್ ಚೇಂಬರ್ಲೇನ್, ರೋಡ್ಸ್ ಕಂಪನಿಯೊಂದಿಗೇ ಮಾತಾಡಿಕೊಳ್ಳಿ ಎಂದು ಹೇಳಿ ರಜೆಗೆ ಹೋದ. ಅರಸರು ಊರಿಗೆ ಮರಳಲಿಲ್ಲ. ಇಂಗ್ಲೆಂಡಿನ ಊರೂರು ತಿರುಗಿದರು. ಪ್ರಾರ್ಥನಾ ಮಂದಿರಗಳಲ್ಲಿ, ಪಾನನಿರೋಧ ಸಂಘಗಳಲ್ಲಿ ಎದ್ದು ನಿಂತು, ಕಂಪನಿ ಬಂದರೆ ಹೆಂಡ ಬರುತ್ತದೆ, ನಮ್ಮ ನೆಲ ಹೋಗುತ್ತದೆ ಎಂದು ಹೇಳಿದರು. ಸಾಮ್ರಾಜ್ಯದ ಪ್ರಜೆಗಳನ್ನೇ ಸಾಮ್ರಾಜ್ಯದ ಮಂತ್ರಿಯ ಮೇಲೆ ಒತ್ತಡ ತರಲು ಒಲಿಸಿಕೊಂಡರು! ಖೋಟ್ಲಾದಲ್ಲಿ ಕಲಿತ ವಿದ್ಯೆಯನ್ನು ಅವರು ಪರದೇಶದ ಊರುಗಳಲ್ಲಿ ಬಳಸಿದರು ಎಂದೇ ನಾನು ನಂಬುತ್ತೇನೆ. ರಜೆ ಮುಗಿಸಿ ಬಂದ ಚೇಂಬರ್ಲೇನ್ ಮಣಿದ. ರೈಲಿಗೆ ನೆಲದ ಪಟ್ಟಿ ಬಿಟ್ಟುಕೊಡಬೇಕು, ತೆರಿಗೆ ಕಟ್ಟಬೇಕು. ಬದಲಿಗೆ ಮೂವರ ನಾಡುಗಳು ರಾಣಿಯ ರಕ್ಷಣೆಯಲ್ಲೇ ಉಳಿಯುತ್ತವೆ. ನವೆಂಬರಿನಲ್ಲಿ ವಿಂಡ್ಸರಿನಲ್ಲಿ ವಿಕ್ಟೋರಿಯಾ ರಾಣಿಯನ್ನು ಕಂಡು ಅವರು ಹೊರಟರು. ಆ ವರ್ಷದ ಕೊನೆಗೆ ರೋಡ್ಸ್‌ನ ಆಪ್ತ ಜೇಮ್ಸನ್ ಎಂಬವನು ಗಡಿಯ ಪಿಟ್ಸಾನಿಯಿಂದ ದಂಡು ಕಟ್ಟಿಕೊಂಡು ಟ್ರಾನ್ಸ್‌ವಾಲ್ ಮೇಲೆ ಬಿದ್ದು ಸೋತ. ರೋಡ್ಸ್‌ನ ಮಾನ ಹೋಯಿತು, ಉಳಿದ ನಾಡೂ ಅವನಿಗೆ ದಕ್ಕಲಿಲ್ಲ.

ಗ್ಯಾಬೊರೋನ್‌ನ ಹೊಸ ವ್ಯಾಪಾರ ಕೇಂದ್ರದಲ್ಲಿ ಆ ಮೂವರ ಕಂಚಿನ ಪ್ರತಿಮೆಗಳಿವೆ, ಒಂದೊಂದೂ ಐದು ಮೀಟರಿಗಿಂತ ಎತ್ತರ. ಎರಕ ಹೊಯ್ದದ್ದು ಉತ್ತರ ಕೊರಿಯಾದ ಕಂಪನಿ, ಅನಾವರಣ 2005ರಲ್ಲಿ. ಯುರೋಪಿನ ಕೋಟು ತೊಟ್ಟು ನಿಂತ ಅವರ ಕೈಯಲ್ಲಿ ಕತ್ತಿಯಾಗಲಿ ಬಂದೂಕಾಗಲಿ ಇಲ್ಲ. ಸಂಧಾನಕ್ಕೆ ಹೋಗಿ ಬಂದದ್ದನ್ನೇ ರಾಷ್ಟ್ರದ ಶೌರ್ಯವೆಂದು ಎತ್ತಿ ನಿಲ್ಲಿಸಿದ ಇಂಥ ಸ್ಮಾರಕವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಆದರೆ ಮೂವರೂ ಸೆಟ್ಸ್ವಾನಾ ನುಡಿಯುವ ಬುಡಕಟ್ಟುಗಳ ಅರಸರು. ಕಲಂಗಾ, ವಾಯೆಯಿ, ಹೆರೆರೊ ಜನರು, ಎಲ್ಲರಿಗಿಂತ ಮೊದಲೇ ಈ ಮರಳಿನಲ್ಲಿ ಬಾಳಿದ ಬಸಾರ್ವಾ ಜನರು, ನಾವೆಲ್ಲಿದ್ದೇವೆ ಎಂದು ಕೇಳುತ್ತಲೇ ಬಂದಿದ್ದಾರೆ. ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿರುವ ದೇಶದಲ್ಲಿ ಸಂವಿಧಾನ ಮೂಲದಲ್ಲಿ ಹೆಸರಿಸಿದ್ದು ಎಂಟೇ ಬುಡಕಟ್ಟುಗಳನ್ನು. ಖೋಟ್ಲಾದಲ್ಲಿ ಹೆಂಗಸರಿಗೆ ಮಾತು ಇರಲಿಲ್ಲ. ಅದನ್ನು ಬದಲಾಯಿಸಿದ್ದೂ ಹೆಂಗಸರೇ. ಪರದೇಶದ ಗಂಡನಿಗೆ ಹುಟ್ಟಿದ ತನ್ನ ಮಕ್ಕಳಿಗೆ ಪೌರತ್ವ ಏಕಿಲ್ಲ ಎಂದು ವಕೀಲೆ ಯೂನಿಟಿ ಡೌ ನ್ಯಾಯಾಲಯಕ್ಕೆ ಹೋಗಿ 1992ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. 2003ರಲ್ಲಿ ರಮೋಟ್ಸ್ವಾದಲ್ಲಿ ಮೊಸಾಡಿ ಸೆಬೊಕೊ ಬಾಲೆಟೆ ಜನರ ಖೋಸಿಯಾಗಿ ಪಟ್ಟವೇರಿದರು. ಬಸಾರ್ವಾಗಳನ್ನು 1997ರಲ್ಲೂ 2002ರಲ್ಲೂ ಮಧ್ಯ ಕಲಹರಿಯ ವನ್ಯಜೀವಿ ಮೀಸಲು ಪ್ರದೇಶದಿಂದ ಎಬ್ಬಿಸಿ ಹೊರಗಿನ ಬಡಾವಣೆಗಳಿಗೆ ಸಾಗಿಸಿದರು. ಒಂದು ಜನಾಂಗವನ್ನು ಹೀಗೆ ಬೇರುಸಹಿತ ಕಿತ್ತದ್ದು ಈ ನಾಡಿನ ಹೆಸರಿಗೆ ಅಂಟಿದ ಮಸಿ, ಅದನ್ನು ನಯವಾಗಿ ಹೇಳಲು ನನ್ನಿಂದಾಗದು. 2006ರಲ್ಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಸರ್ಕಾರ ಅದನ್ನು ಅರ್ಜಿ ಹಾಕಿದವರಿಗಷ್ಟೇ ಅನ್ವಯಿಸಿತು. ಉಳಿದವರು ತಮ್ಮ ಅಜ್ಜ ಅಜ್ಜಿಯರ ಮನೆಗೆ ಹೋಗಲು ಪರವಾನಗಿ ಕೇಳಬೇಕಾಯಿತು.

2024ರ ಅಕ್ಟೋಬರ್ 30ರ ಚುನಾವಣೆಯಲ್ಲಿ, ಸೆರೆಟ್ಸೆ ಕಟ್ಟಿದ ಪಕ್ಷ ಐವತ್ತೆಂಟು ವರ್ಷಗಳ ಆಳ್ವಿಕೆಯ ನಂತರ ಸೋತಿತು. ಅಧ್ಯಕ್ಷ ಮಸಿಸಿ ಎಣಿಕೆ ಪೂರ್ತಿ ಮುಗಿಯುವ ಮೊದಲೇ ಸೋಲು ಒಪ್ಪಿಕೊಂಡರು, ಡುಮಾ ಬೊಕೊ ಅಧಿಕಾರಕ್ಕೆ ಬಂದರು, ಒಂದು ಗುಂಡೂ ಹಾರಲಿಲ್ಲ. ಅದಾದ ಕೆಲವೇ ವಾರಗಳಲ್ಲಿ ಒಂದು ಸಂಸಾರದ ಹಳೆಯ ಬೇಡಿಕೆ ಈಡೇರಿತು. ತೀರಿಹೋದ ಬಸಾರ್ವಾ ಹಿರಿಯರೊಬ್ಬರನ್ನು ಕಲಹರಿಯ ಹುಟ್ಟೂರಿನಲ್ಲೇ ಮಣ್ಣು ಮಾಡಲು ಮನೆಯವರು ಕೇಳಿದ್ದರು. ನ್ಯಾಯಾಲಯ ಒಪ್ಪಿರಲಿಲ್ಲ, ವರ್ಷಗಟ್ಟಲೆ ಶವ ಶೈತ್ಯಾಗಾರದಲ್ಲೇ ಇತ್ತು. ಹೊಸ ಸರ್ಕಾರ ಅನುಮತಿ ಕೊಟ್ಟಿತು, ಅವರನ್ನು ಮೀಸಲು ಪ್ರದೇಶದೊಳಗೇ ಮಣ್ಣು ಮಾಡಿದರು. ಸತ್ತವರಿಗೆ ಸಿಕ್ಕ ಈ ದಾರಿ ಬದುಕಿರುವವರಿಗೂ ಪರವಾನಗಿ ಇಲ್ಲದೆ ತೆರೆಯಬೇಕು. ಬೋಟ್ಸ್ವಾನಾಕ್ಕೆ ಇನ್ನೊಮ್ಮೆ ಹೋಗುವುದಾದರೆ ನಾನು ಮೊದಲು ಹೋಗಬೇಕೆಂದಿರುವುದು ಕಲಹರಿಯಿಂದ ಹೊರಹಾಕಿದವರನ್ನು ನೆಲೆಗೊಳಿಸಿದ ನ್ಯೂ ಕ್ಸಾಡೆಗೆ. ಅವರ ಖೋಟ್ಲಾದಲ್ಲಿ ಕುಳಿತು ಅವರ ಮಾತು ಕೇಳಬೇಕು.