ಏರು ಬಂದಲ್ಲಿ ಊರು ಕಾಣುತ್ತದೆ

ಗಂಟೆಗೆ ಆರು ಕಿಲೋಮೀಟರ್. ಚೀನಾದ ಯುನ್ನಾನ್ ಪ್ರಾಂತ್ಯದ ಬೆಟ್ಟದ ಏರಿನಲ್ಲಿ ನನ್ನ ಸೈಕಲ್ಲಿನ ವೇಗ ಇಷ್ಟೇ. ಬೆನ್ನಿಗೆ ಬಿದಿರು ಬುಟ್ಟಿ ಹೊತ್ತ ಅಜ್ಜಿಯೊಬ್ಬರು ಸ್ವಲ್ಪ ಬೀಸುಗಾಲು ಹಾಕಿದರೆ ನನ್ನ ಪಕ್ಕದಲ್ಲೇ ನಡೆಯಬಲ್ಲರು, ನಡೆಯುತ್ತಾ ಏನಾದರೂ ಕೇಳಬಲ್ಲರು. ಬಸ್ಸಿನಲ್ಲಿ ಹೋಗುವವರು ಊರನ್ನು ನೋಡುತ್ತಾರೆ. ಏರಿನಲ್ಲಿ ಏದುಸಿರು ಬಿಡುತ್ತಾ ಸೈಕಲ್ ತುಳಿಯುವವರನ್ನು ಊರೇ ನೋಡುತ್ತದೆ, ಕರೆದು ಮಾತಾಡಿಸುತ್ತದೆ. ಆರು ದಿನದ ಪ್ರವಾಸದಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಅದು.

ನಾನು, ನನ್ನ ಅಕ್ಕ, ಬೇರೆ ಬೇರೆ ದೇಶದ ಏಳು ಜನ. ಮುಂದೆ ಗೈಡ್, ಹಿಂದೆ ನಮ್ಮ ಬ್ಯಾಗು, ನೀರು, ಬಾಳೆಹಣ್ಣು ಹೊತ್ತ ವ್ಯಾನ್. ದಾಲಿಯಿಂದ ಶುರು ಮಾಡಿ ಶಾಶಿ, ಶಿಗು ಎಂಬ ಊರುಗಳ ಮೇಲೆ ಹಾದು ಹುಲಿ ಜಿಗಿದ ಕಣಿವೆಯ ಬಾಯಿಗೆ ಮುಟ್ಟುವುದು ಪ್ಲಾನ್. ಅಕ್ಕನಿಗೆ 46, ಬ್ಯಾಂಕ್ ಕೆಲಸ. ಹೊರಡುವ ಮೊದಲೇ ಹೇಳಿದ್ದಳು, "ವ್ಯಾನ್ ಇದೆ ಅಂತ ನಾನು ಬರ್ತಿರೋದು ಕಣೋ. ಆಮೇಲೆ ಹತ್ತಿದೆ ಅಂತ ಅಣಕಿಸಬೇಡ."

ಮುಳ್ಳಯ್ಯನಗಿರಿಗಿಂತ ಎತ್ತರದ ಕೆರೆ

ದಾಲಿ ಊರಿಗೆ ಒಂದು ಕಡೆ ಅರ್‌ಹಾಯ್ ಸರೋವರ, ಇನ್ನೊಂದು ಕಡೆ 19 ಶಿಖರಗಳ ತ್ಸಾಂಗ್‌ಶಾನ್ ಬೆಟ್ಟಸಾಲು. ಅತಿ ಎತ್ತರದ ಶಿಖರ 4,122 ಮೀಟರ್. ಬೆಟ್ಟ ಇರಲಿ, ಕೆರೆಯೇ ಸಮುದ್ರಮಟ್ಟದಿಂದ ಸುಮಾರು 1,970 ಮೀಟರ್ ಮೇಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ಕರ್ನಾಟಕದ ತುದಿಗಿಂತ ಮೇಲೆ ನಿಂತು ನಮ್ಮ ಸವಾರಿ ಶುರು. ಮೊದಲ ದಿನ ಮೆಟ್ಟಿಲು ಹತ್ತಿದರೂ ಉಸಿರು ಬಿಗಿಯುತ್ತದೆ. ಅದಕ್ಕೇ ಗೈಡ್ ಅವತ್ತು ಕೆರೆ ದಂಡೆಯ ಸಮತಟ್ಟು ದಾರಿಯಲ್ಲೇ ಸುತ್ತಿಸಿದ.

ಆ ದಾರಿಗೂ ಒಂದು ಕತೆ ಇದೆ. ಕೆರೆ ಸುತ್ತ ಗೆಸ್ಟ್‌ಹೌಸು, ಹೋಟೆಲು ಎದ್ದು ಕೊಳಕು ನೀರೆಲ್ಲ ಅರ್‌ಹಾಯ್ ಸೇರುತ್ತಿತ್ತು. 2017ರಲ್ಲಿ ಆಡಳಿತ ದಂಡೆಯ ಹೋಟೆಲುಗಳನ್ನು ಒಮ್ಮೆಲೇ ಮುಚ್ಚಿಸಿತು. ಆಮೇಲೆ ನೀರಿನ ಅಂಚಿನ ಮನೆಗಳನ್ನೂ ತೆರವು ಮಾಡಿ ನಡೆಯುವವರಿಗೆ, ಸೈಕಲ್ಲಿನವರಿಗೆ ದಾರಿ ಮಾಡಿದರು. ಈಗ ನೀರು ಚೆಂದ ಕಾಣುತ್ತದೆ. ಚಳಿಗಾಲಕ್ಕೆ ಉತ್ತರದಿಂದ ಬರುವ ಗಲ್ ಹಕ್ಕಿಗಳ ದಂಡೇ ಇತ್ತು. ಬೆಳ್ಳಂದೂರು ಕೆರೆಯ ನೊರೆ ನೋಡಿದ ನಮಗೆ ಹೊಟ್ಟೆಕಿಚ್ಚಾಗದೆ ಇರುತ್ತದೆಯೇ? ಆದರೆ ಮನೆ ಕಳಕೊಂಡವರ ಪಾಲಿಗೆ ಈ ಚೆಂದದ ಬೆಲೆ ಬೇರೆಯೇ ಇದ್ದೀತು.

ಗೈಡ್ ಅವತ್ತು ಕಲಿಸಿದ ಪಾಠ ಎರಡೇ. ಏರು ಶುರುವಾಗುವ ಮೊದಲೇ ಗೇರ್ ಇಳಿಸಬೇಕು. ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮ ಹಿಡಿಯದೆ ಒತ್ತಿ, ಬಿಟ್ಟು, ಮತ್ತೆ ಒತ್ತಬೇಕು. ಚೀನಾದಲ್ಲಿ ವಾಹನಗಳು ಬಲಗಡೆ ಓಡುತ್ತವೆ ಅನ್ನೋದನ್ನು ಮಾತ್ರ ಪ್ರತಿ ತಿರುವಿನಲ್ಲೂ ಕೂಗಿ ನೆನಪಿಸುತ್ತಿದ್ದ.

ಹಾಲಿನ ಬೀಸಣಿಗೆ

ದಾಲಿ ಸೀಮೆ ಬಾಯ್ ಜನಾಂಗದವರದ್ದು. ಬಾಯ್ ಎಂದರೆ ಬಿಳಿ. ಮನೆಗಳ ಗೋಡೆಯೂ ಬಿಳಿ, ಅದರ ಮೇಲೆ ಕಪ್ಪು ಶಾಯಿಯಲ್ಲಿ ಹೂವು, ಬೆಟ್ಟ, ಕವಿತೆಯ ಸಾಲು. ಎರಡನೇ ದಿನ ಶೀಜೌ ಎಂಬ ಹಳ್ಳಿಯಲ್ಲಿ ನಿಂತು, ಕೆಂಡದ ನಡುವೆ ಬೇಯಿಸುವ 'ಬಾಬಾ' ರೊಟ್ಟಿ ತಿಂದೆವು. ಸಿಹಿಯದ್ದೂ ಇದೆ, ಖಾರದ್ದೂ ಇದೆ. ಖಾರದ್ದರಲ್ಲಿ ಮಾಂಸ ಇರುತ್ತದೆ, ಸಸ್ಯಾಹಾರಿಗಳು ಕೇಳಿ ತಗೊಳ್ಳಿ. ಅಲ್ಲಿಂದ ಸ್ವಲ್ಪ ಮುಂದಿನ ಜೌಚೆಂಗ್‌ನಲ್ಲಿ ಮನೆ ಮನೆಯಲ್ಲೂ ಬಟ್ಟೆಗೆ ದಾರ ಬಿಗಿದು ನೀಲಿಯಲ್ಲಿ ಅದ್ದುತ್ತಾರೆ. ನಮ್ಮಲ್ಲಿ ಬಾಂಧಣಿ ಅಂತೀವಲ್ಲ, ಅದೇ ಬಳಗ.

ಚೀನೀಯರು ಹಾಲು ಮೊಸರು ಅಷ್ಟಾಗಿ ಮುಟ್ಟುವುದಿಲ್ಲ ಎಂದು ಕೇಳಿದ್ದೆ. ಇಲ್ಲಿ ನೋಡಿದರೆ 'ರುಶಾನ್' ಎಂಬ ತಿಂಡಿ! ಬಿಸಿ ಹಾಲಿಗೆ ಹುಳಿ ಬಿಟ್ಟು ಒಡೆಸಿ, ಗಟ್ಟಿಯಾದದ್ದನ್ನು ಹಾಳೆಯಂತೆ ಎಳೆದು, ಬಿದಿರಿನ ಗಳುವಿಗೆ ಸುತ್ತಿ ಒಣಗಿಸುತ್ತಾರೆ. ಹೆಸರಿನ ಅರ್ಥ 'ಹಾಲಿನ ಬೀಸಣಿಗೆ'. ಕೆಂಡದ ಮೇಲೆ ಹಿಡಿದರೆ ಹಪ್ಪಳದಂತೆ ಉಬ್ಬುತ್ತದೆ. ಗುಲಾಬಿ ಜಾಮ್ ಸವರಿ ಸುರುಳಿ ಮಾಡಿ ಕೊಡುತ್ತಾರೆ. ಅಕ್ಕ ಮೂರು ತಿಂದಳು.

ಏರಿನ ಮೇಲಿನ ಮನೆ

ಮೂರನೇ ದಿನ ಅರ್‌ಯುವಾನ್‌ನಿಂದ ಶಾಶಿಗೆ. ಹೆದ್ದಾರಿ ಬಿಟ್ಟು ಬೆಟ್ಟದ ದಾರಿ ಹಿಡಿದ ಮೇಲೆ ಪೈನ್ ಮರ, ಕೆಂಪು ಮಣ್ಣು, ಮತ್ತೆ ಮತ್ತೆ ತಿರುವು. ನವೆಂಬರ್ ಮೊದಲ ವಾರ. ಕೊಯ್ಲು ಮುಗಿದು ಗದ್ದೆಯಲ್ಲಿ ಹುಲ್ಲಿನ ಬಣವೆ ಎದ್ದಿದ್ದವು. ಮನೆಗಳ ಜಗುಲಿಗೆ ಮುಸುಕಿನ ಜೋಳದ ತೆನೆಗಳನ್ನು ಜಡೆ ಹೆಣೆದು ತೂಗುಹಾಕಿದ್ದರು. ಅಂಗಳದ ತುಂಬ ಕೆಂಪು ಮೆಣಸಿನಕಾಯಿ.

ಅರ್ಧ ಗಂಟೆ ತುಳಿದ ಮೇಲೆ ನನಗೊಂದು ವಿಷಯ ಗಮನಕ್ಕೆ ಬಂತು. ಹೊಲದಲ್ಲಿ, ಜಗುಲಿಯಲ್ಲಿ, ರಸ್ತೆಯಲ್ಲಿ ಕಂಡವರೆಲ್ಲ ಅರವತ್ತು ದಾಟಿದವರು ಇಲ್ಲವೇ ಹತ್ತು ದಾಟದವರು. ನಡುವಿನ ವಯಸ್ಸಿನವರೇ ಇಲ್ಲ.

ಕೊನೆಯ ನಾಲ್ಕು ಕಿಲೋಮೀಟರ್ ಇರುವಾಗ ಅಕ್ಕ ಸೈಕಲ್ ಇಳಿದಳು. "ನೀನು ಹೋಗೋ, ನಾನು ವ್ಯಾನಲ್ಲಿ ಬರ್ತೀನಿ." ವ್ಯಾನ್ ಇನ್ನೂ ಎರಡು ತಿರುವು ಕೆಳಗಿತ್ತು. ಅಷ್ಟರಲ್ಲಿ ರಸ್ತೆ ಪಕ್ಕದ ಮನೆಯ ಅಜ್ಜಿ ಕೈಬೀಸಿ ಕರೆದು ಇಬ್ಬರಿಗೂ ಮಣೆ ಹಾಕಿದರು. ಬಿಸಿನೀರು ಕೊಟ್ಟರು, ಹಿಡಿ ತುಂಬ ಅಕ್ರೋಟು ಕೊಟ್ಟರು. ಎಪ್ಪತ್ತರ ಆಸುಪಾಸು. ಕಂಬದ ಹಿಂದೆ ಆರೇಳು ವರ್ಷದ ಹುಡುಗ. ಗೈಡ್ ಬಂದು ಬಾಯ್ ಭಾಷೆಯಲ್ಲಿ ಮಾತಿಗೆ ಕೂತ.

ಅಜ್ಜಿಯ ಮೊದಲ ಪ್ರಶ್ನೆ: ಇಬ್ಬರೂ ಗಂಡ ಹೆಂಡತಿಯಾ? ಅಕ್ಕ ತಮ್ಮ ಅಂದ ಮೇಲೆ ಎರಡನೆಯದು: ಅಪ್ಪ ಅಮ್ಮ ಯಾರ ಜೊತೆ ಇದ್ದಾರೆ?

ಅಪ್ಪ ಇಲ್ಲ, ಅಮ್ಮ ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ, ತೆಂಗಿನ ತೋಟದ ಮನೆಯಲ್ಲಿ ಒಬ್ಬರೇ. ನಾವಿಬ್ಬರೂ ಬೆಂಗಳೂರು. ಗೈಡ್ ಇದನ್ನು ಹೇಳಿದ. ಅಜ್ಜಿ ತಲೆಯಾಡಿಸಿದರೇ ಹೊರತು ಬೈಯಲಿಲ್ಲ, ಅಯ್ಯೋ ಅನ್ನಲೂ ಇಲ್ಲ. "ನನ್ನ ಮಗ ಸೊಸೆ ಗುವಾಂಗ್‌ದೊಂಗ್‌ನಲ್ಲಿ. ದಿನಾ ವಿಡಿಯೊ ಕಾಲ್ ಮಾಡ್ತಾರೆ. ನಂಗೆ ಫೋನ್ ಸರಿಯಾಗಿ ಹಿಡಿಯೋಕೆ ಬರಲ್ಲ, ಅವರಿಗೆ ನನ್ನ ಗಲ್ಲ ಮಾತ್ರ ಕಾಣ್ಸೋದು," ಅಂದು ನಕ್ಕರು. ಅಕ್ಕ ನನ್ನ ಮುಖ ನೋಡಿದಳು. ನಮ್ಮಮ್ಮನ ವಿಡಿಯೊ ಕಾಲ್‌ನಲ್ಲಿ ನಮಗೆ ಕಾಣುವುದು ಹಣೆ ಮತ್ತು ಫ್ಯಾನು.

ಮೊಮ್ಮಗನನ್ನು ಯಾಕೆ ಜೊತೆಗೆ ಕರೆದುಕೊಂಡು ಹೋಗಲಿಲ್ಲ? ಅದಕ್ಕೆ ಗೈಡ್ ದಾರಿಯುದ್ದಕ್ಕೂ ಉತ್ತರ ಹೇಳಿದ. ಚೀನಾದಲ್ಲಿ ಪ್ರತಿ ಕುಟುಂಬಕ್ಕೂ 'ಹುಕೌ' ಎಂಬ ನೋಂದಣಿ ಇದೆ. ನೀವು ಯಾವ ಊರಿನವರು ಎಂದು ಅದು ಹೇಳುತ್ತದೆ. ಹಳ್ಳಿಯವರು ದುಡಿಯಲು ಯಾವ ಮಹಾನಗರಕ್ಕೂ ಹೋಗಬಹುದು. ಆದರೆ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಮಗುವಿಗೆ ಸೀಟು ಸಿಗುವುದು ಕಷ್ಟ. ಕಾಲೇಜು ಪ್ರವೇಶ ಪರೀಕ್ಷೆ 'ಗಾವೊಕಾವೊ' ಬರೆಯಲು ಸಾಮಾನ್ಯವಾಗಿ ಸ್ವಂತ ಊರಿಗೇ ಬರಬೇಕು. ನಿಯಮ ಕೆಲವು ಕಡೆ ಸಡಿಲವಾಗಿದೆ, ಆದರೂ ಲಕ್ಷಾಂತರ ಮಕ್ಕಳು ಅಜ್ಜಿ ತಾತನ ಬಳಿಯೇ ಬೆಳೆಯುತ್ತಾರೆ. ಅವರಿಗೆ ಚೀನೀ ಭಾಷೆಯಲ್ಲಿ ಒಂದು ಪದವೇ ಇದೆ, 'ಹಿಂದುಳಿಸಿ ಹೋದ ಮಕ್ಕಳು' ಎಂಬ ಅರ್ಥದ್ದು. ನಮ್ಮಲ್ಲಿ ಹುಕೌ ಇಲ್ಲ. ಹಳ್ಳಿ ಖಾಲಿಯಾಗಲು ಅದು ಬೇಕಾಗಿಯೂ ಇಲ್ಲ.

ಆಚಾರ್ರು ಇಲ್ಲಿಗೂ ಬಂದಿದ್ದರು

ಶಾಶಿ ಒಂದು ಬಟ್ಟಲಿನಂಥ ಕಣಿವೆ. ದಕ್ಷಿಣದ ಚಹಾ ಟಿಬೆಟ್‌ಗೆ, ಟಿಬೆಟ್‌ನ ಕುದುರೆ ಇತ್ತ ಬರುತ್ತಿದ್ದ 'ಚಹಾ–ಕುದುರೆ ದಾರಿ'ಯ ಸಂತೆ ಊರು. ಹತ್ತಿರದ ಉಪ್ಪಿನ ಬಾವಿಗಳಿಂದಲೂ ಹೇಸರಗತ್ತೆಗಳ ಸಾಲು ಇಲ್ಲಿಗೇ ಬರುತ್ತಿತ್ತು. ಮೋಟಾರು ರಸ್ತೆ ಬಂದ ಮೇಲೆ ಊರನ್ನು ಎಲ್ಲರೂ ಮರೆತರು. 2002ರಲ್ಲಿ ಇಲ್ಲಿನ ಸಂತೆ ಚೌಕ, ಅಪಾಯದಲ್ಲಿರುವ ಸ್ಮಾರಕಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದ ತಂಡ ಸ್ಥಳೀಯ ಆಡಳಿತದ ಜೊತೆ ಸೇರಿ ಅದನ್ನು ರಿಪೇರಿ ಮಾಡಿತು. ಇದ್ದ ಮರ, ಇದ್ದ ಮಣ್ಣಿನ ಗೋಡೆಯನ್ನು ಆದಷ್ಟೂ ಉಳಿಸಿಕೊಂಡೇ ಮಾಡಿದ್ದಾರೆ. ಹಾಗಾಗಿ ಅದು ಸಿನಿಮಾ ಸೆಟ್ಟಿನಂತೆ ಕಾಣುವುದಿಲ್ಲ.

ಚೌಕದ ಒಂದು ಬದಿಗೆ ನಾಟಕದ ರಂಗ, ಎದುರಿಗೆ 1415ರ ಶಿಂಗ್‌ಜಿಯಾವ್ ದೇವಾಲಯ. ಇದು 'ಅಝಲಿ' ಎಂಬ ತಾಂತ್ರಿಕ ಬೌದ್ಧ ಪಂಥದ್ದು. ಆ ಹೆಸರು ಬಂದದ್ದು ಸಂಸ್ಕೃತದ 'ಆಚಾರ್ಯ'ದಿಂದ. ನಮ್ಮ ಗೈಡ್ ಹುಟ್ಟಿದ್ದು ಪಕ್ಕದ ಜಿಯಾನ್‌ಚುವಾನ್ ಕಡೆಯ ಹಳ್ಳಿ. ಮರದ ಕೆತ್ತನೆಗೆ ಹೆಸರಾದ ಸೀಮೆ ಅದು. ಅವನ ಅಪ್ಪನೂ ಬಾಗಿಲು ಕೆತ್ತುವವರು. ನಮ್ಮ ಹಳ್ಳಿಯಲ್ಲಿ ಮರಗೆಲಸದವರನ್ನು 'ಆಚಾರ್ರು' ಅಂತಲೇ ಕರೆಯೋದು ಎಂದು ಅಕ್ಕ ಹೇಳಿದಾಗ ಅವನಿಗೆ ಎಲ್ಲಿಲ್ಲದ ಖುಷಿ. ಆ ಪದವನ್ನು ನಾಲ್ಕು ಸಲ ಹೇಳಿಸಿಕೊಂಡು ಅಪ್ಪನಿಗೆ ವಾಯ್ಸ್ ಮೆಸೇಜ್ ಕಳಿಸಿದ.

ಆ ರಾತ್ರಿ ಅಕ್ಕ ಅಮ್ಮನಿಗೆ ಕಾಲ್ ಮಾಡಿ ಚೌಕ ತೋರಿಸಿದಳು, ಹಗಲು ತೆಗೆದ ಬಣವೆಗಳ ಫೋಟೊ ಕಳಿಸಿದಳು. ಅಮ್ಮ ಬಣವೆಯನ್ನೇ ದಿಟ್ಟಿಸಿ, "ಒಟ್ಟಿರೋದು ಚೆನ್ನಾಗಿದೆ" ಎಂದು ಸರ್ಟಿಫಿಕೇಟ್ ಕೊಟ್ಟರು. ಆಮೇಲೆ, "ಬೆಟ್ಟ ಹತ್ತೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಮ್ಮ ಮಾಲೇಕಲ್ಲು ತಿರುಪತಿ ಬೆಟ್ಟಕ್ಕೆ ನೀವಿಬ್ರೂ ಬಂದು ಎಷ್ಟು ವರ್ಷ ಆಯ್ತು?" ನಾವಿಬ್ಬರೂ ಲೆಕ್ಕ ಹಾಕಿದೆವು. ಹನ್ನೊಂದು.

ವಾಪಸ್ ಬಂದವನ ಲೆಕ್ಕ

ಐದನೇ ದಿನ ಜಿಯಾನ್‌ಚುವಾನ್ ದಾಟಿ ಶಿಗುವಿಗೆ. ದಕ್ಷಿಣಕ್ಕೆ ಹರಿಯುತ್ತಿದ್ದ ಯಾಂಗ್‌ತ್ಸೆ ನದಿ ಇಲ್ಲಿ ತಟ್ಟನೆ ಈಶಾನ್ಯಕ್ಕೆ ಹೊರಳುತ್ತದೆ. ಇಲ್ಲಿ ಅದರ ಹೆಸರು ಜಿನ್‌ಶಾ, ಹೊನ್ನಿನ ಮರಳು. ನದಿ ದಂಡೆಯಲ್ಲಿ ನೂಡಲ್ಸ್ ತಿನ್ನುತ್ತಾ ಗೈಡ್ ತನ್ನ ಲೆಕ್ಕ ಬಿಚ್ಚಿದ. ಆರು ವರ್ಷ ದೊಂಗ್‌ಗುವಾನ್‌ನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿದ್ದ. 2018ರಲ್ಲಿ ಕುನ್‌ಮಿಂಗ್‌ನಿಂದ ದಾಲಿಗೆ ವೇಗದ ರೈಲು ಬಂತು, ಅದರ ಹಿಂದೆ ಪ್ರವಾಸಿಗರು ಬಂದರು. ಇಂಗ್ಲಿಷ್ ಕಲಿತು ವಾಪಸ್ ಬಂದ.

"ಸಂಬಳ ಅಲ್ಲಿಗಿಂತ ಕಡಿಮೆ. ಮಳೆಗಾಲದಲ್ಲಿ ಕೆಲಸಾನೇ ಇರಲ್ಲ. ಆದ್ರೆ ಮಗಳನ್ನ ಶಾಲೆಗೆ ನಾನೇ ಬಿಡ್ತೀನಿ." ಸ್ವಲ್ಪ ತಡೆದು, "ನನ್ನ ಕ್ಲಾಸಿನವರು ಯಾರೂ ಬಂದಿಲ್ಲ. ಊರಿಗೆ ನೂರು ಗೈಡ್ ಬೇಡವಲ್ಲ" ಅಂದ.

ಪ್ರವಾಸೋದ್ಯಮ ಊರನ್ನು ಉಳಿಸುತ್ತದೆ ಎಂದು ಬರೆದುಬಿಡುವುದು ಸುಲಭ. ಶಿಗುವಿನಿಂದ ದೂರವೇನಲ್ಲದ ಲಿಜಿಯಾಂಗ್ ನೋಡಿ. 1996ರ ಭೂಕಂಪದಲ್ಲಿ ನಲುಗಿ, 1997ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹಳೇ ಪಟ್ಟಣ. ಇವತ್ತು ಅಲ್ಲಿ ಬೀದಿ ತುಂಬ ಜನ, ಆದರೆ ಮೂಲ ನಾಶಿ ಜನಾಂಗದ ಎಷ್ಟೋ ಕುಟುಂಬಗಳು ಮನೆಯನ್ನು ಬಾಡಿಗೆಗೆ ಕೊಟ್ಟು ಹೊಸ ಊರಿಗೆ ಹೋಗಿವೆ. ಶಾಶಿಯಲ್ಲೂ ಕೆಫೆ, ಗೆಸ್ಟ್‌ಹೌಸ್ ಹಲವನ್ನು ನಡೆಸುವವರು ಹೊರಗಿನವರು. ಮನೆ ಉಳಿಯುವುದು ಬೇರೆ, ಮನೆಯವರು ಉಳಿಯುವುದು ಬೇರೆ. ಸಕಲೇಶಪುರ, ಕೊಡಗಿನ ಹೋಮ್‌ಸ್ಟೇಗಳಲ್ಲಿ ವೀಕೆಂಡ್ ಕಳೆಯುವ ನಾವು ಇದನ್ನು ಯೋಚಿಸಬೇಕು. ನಮ್ಮ ಗೈಡ್‌ಗೆ ಆದದ್ದು ಒಳ್ಳೆಯದೇ. ಆದರೆ ಆ ಅಜ್ಜಿಯ ಮನೆ ಮುಂದೆ ದಿನಕ್ಕೆ ಹತ್ತು ಸೈಕಲ್ ಹೋದರೂ ಮಗ ಬರುವಷ್ಟು ಸಂಪಾದನೆ ಹುಟ್ಟುವುದಿಲ್ಲ.

ಆರನೇ ದಿನ ನದಿಯ ಜೊತೆಗೇ ಸಾಗಿ ಹುಲಿ ಜಿಗಿದ ಕಣಿವೆಯ ಬಾಯಿ ತಲುಪಿದೆವು. ಒಂದು ಪಕ್ಕ 5,596 ಮೀಟರ್‌ನ ಜೇಡ್ ಡ್ರ್ಯಾಗನ್ ಹಿಮಪರ್ವತ, ಇನ್ನೊಂದು ಪಕ್ಕ 5,396 ಮೀಟರ್‌ನ ಹಾಬಾ, ನಡುವೆ ಬೊಬ್ಬಿರಿಯುವ ನೀರು. ಫೋಟೊದಲ್ಲಿ ಎಲ್ಲರೂ ನೋಡಿರುವ ಜಾಗ. ನಿಜವಾಗಿಯೂ ಅಷ್ಟೇ ಭವ್ಯ. ಆದರೆ ಆಫೀಸಿನಲ್ಲಿ ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವುದು ಅಕ್ರೋಟಿನ ಅಜ್ಜಿ.

ಹೋಗುವವರಿಗೆ ಒಂದಿಷ್ಟು

ಭಾರತೀಯರಿಗೆ ಚೀನಾ ಪ್ರವಾಸಿ ವೀಸಾ ಮತ್ತೆ ಸಿಗುತ್ತಿದೆ. 2025ರ ಅಕ್ಟೋಬರ್ ಕೊನೆಗೆ ಕೋಲ್ಕತ್ತಾ–ಗುವಾಂಗ್‌ಝೌ ನೇರ ವಿಮಾನವೂ ಶುರುವಾಯಿತು. ಅಲ್ಲಿಂದ ಕುನ್‌ಮಿಂಗ್, ಆಮೇಲೆ ರೈಲಿನಲ್ಲಿ ಸುಮಾರು ಎರಡು ಗಂಟೆಗೆ ದಾಲಿ.

ಎಳನೀರು ಮಾರುವವರೂ ಯುಪಿಐ ಕೇಳುವ ಹಾಗೆ ಅಲ್ಲಿ ಎಲ್ಲದಕ್ಕೂ ಅಲಿಪೇ ಅಥವಾ ವೀಚಾಟ್. ಹೊರಡುವ ಮೊದಲೇ ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಅದಕ್ಕೆ ಜೋಡಿಸಿಕೊಳ್ಳಿ. ಅಲ್ಲಿನ ವೈಫೈನಲ್ಲಿ ಗೂಗಲ್, ವಾಟ್ಸ್ಆ್ಯಪ್ ನಡೆಯುವುದಿಲ್ಲ. ನಮ್ಮ ಸಿಮ್‌ನ ರೋಮಿಂಗ್‌ನಲ್ಲಿ ನಡೆಯಿತು.

ಸಸ್ಯಾಹಾರಿಗಳು 'ವೊ ಚಿ ಸು' (ನಾನು ಸಸ್ಯಾಹಾರಿ) ಎಂದು ಕಲಿತುಕೊಳ್ಳಿ. ತರಕಾರಿಗೂ ಹಂದಿ ಕೊಬ್ಬು ಹಾಕುವ ರೂಢಿ ಇದೆ, ಗೈಡ್‌ಗೆ ಮೊದಲೇ ಹೇಳಿ. ಅಕ್ಕಿ ಶ್ಯಾವಿಗೆ, ಟೋಫು, ಸೊಪ್ಪು ಎಲ್ಲ ಕಡೆ ಸಿಗುತ್ತದೆ.

ಮಳೆ ಮುಗಿದ ಅಕ್ಟೋಬರ್–ನವೆಂಬರ್ ಸೈಕಲ್ಲಿಗೆ ಒಳ್ಳೆಯ ಕಾಲ. ಬೆಳಗ್ಗೆ ಕೊರೆಯುವ ಚಳಿ, ಮಧ್ಯಾಹ್ನ ಸುಡುವ ಬಿಸಿಲು. ಇಡೀ ದೇಶಕ್ಕೆ ಬೀಜಿಂಗ್ ಸಮಯವೇ ಆದ್ದರಿಂದ ಅಲ್ಲಿ ಬೆಳಕು ಹರಿಯುವುದೂ ತಡ.

ಎರಡು ತಿಂಗಳ ಮುಂಚಿನಿಂದ ವಾರಕ್ಕೆ ಮೂರು ದಿನವಾದರೂ ಸೈಕಲ್ ಹೊಡೆಯಿರಿ, ನಂದಿಬೆಟ್ಟದ ಏರು ಒಳ್ಳೆಯ ಅಭ್ಯಾಸ. ಆಗದಿದ್ದರೆ ವ್ಯಾನ್ ಹತ್ತಿ. ಅಕ್ಕ ಎರಡು ಸಲ ಹತ್ತಿದಳು, ನಾನು ಒಂದು ಸಲ. ಯಾರೂ ಅಣಕಿಸಲಿಲ್ಲ.