ನಿತ್ಯಪುಷ್ಪದ ಎಲೆಯೊಳಗೆ

ಹಿತ್ತಲ ಬೇಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೀರಿ. ಇನ್ನೂ ಎಳೆಬಿಸಿಲು. ಪೂಜೆಗೆ ಬಿಡಿಸಿಕೊಂಡ ಮೇಲೂ ನಿತ್ಯಪುಷ್ಪದ ಗಿಡದಲ್ಲಿ ಐದಾರು ಹೂ ಉಳಿದಿವೆ. ಮಡಗಾಸ್ಕರಿನಿಂದ ಬಂದು ನಮ್ಮ ಹಿತ್ತಲಿನದೇ ಆಗಿಹೋದ ಗಿಡ. ಅದರ ಒಂದು ಎಲೆಯ ಅಂಚಿಗೆ ಹಸಿರು ಹುಳು ಬಾಯಿ ಹಾಕಿದೆ. ಬಗ್ಗಿ ನೋಡಿ: ಕಚ್ಚಿದ ಗೆರೆಯುದ್ದಕ್ಕೂ ಸಣ್ಣಗೆ ತೇವ ಮಿನುಗುತ್ತಿದೆ.

ಅಲ್ಲಿಂದಲೇ ಒಳಗಿಳಿಯಿರಿ.

ಗಾಯಗೊಂಡ ಕೋಶಗಳಲ್ಲಿ ಜಾಸ್ಮೊನೇಟ್ ಎಂಬ ಹಾರ್ಮೋನು ಏರುತ್ತಿದೆ. ಈ ಕುಲದ ಒಂದು ಅಣುವನ್ನು 1962ರಲ್ಲಿ ಬೇರ್ಪಡಿಸಿದ್ದು ಜಾಜಿ ಹೂವಿನ ಎಣ್ಣೆಯಿಂದ. ನಮ್ಮ ಮೂಗಿಗೆ ಕಂಪಾದದ್ದು ಇಲ್ಲಿ ಗಿಡದ ಕೂಗು.

ಕೂಗಿನ ಹಿಂದೆಯೇ ಕೋಶಕೇಂದ್ರಕ್ಕೆ ಬನ್ನಿ. ಡಿಎನ್‌ಎ ಎಳೆಯ ಪಕ್ಕ ಮಿಕ್-2 ಎಂಬ ಪ್ರೋಟೀನು ಕಾದು ನಿಂತಿದೆ. ಜಾಜ್ ಎಂಬ ಇನ್ನೊಂದು ಪ್ರೋಟೀನು ಅದನ್ನು ಬಿಗಿಯಾಗಿ ಹಿಡಿದಿದೆ. ಕೂಗು ಮುಟ್ಟಿದ್ದೇ ತಡ, ಕೋಶ ಜಾಜ್ ಪ್ರೋಟೀನಿಗೆ ಗುರುತು ಹಚ್ಚಿ ಚೂರು ಮಾಡುತ್ತದೆ. ಬಿಡುಗಡೆಯಾದ ಮಿಕ್-2 ಓರ್ಕಾ-3 ವಂಶವಾಹಿಯನ್ನು ಎಬ್ಬಿಸುತ್ತದೆ. ಓರ್ಕಾ-3 ಮೇಸ್ತ್ರಿಯಿದ್ದಂತೆ: ಆಲ್ಕಲಾಯ್ಡ್ ಎಂಬ ವಿಷವನ್ನು ಕಟ್ಟುವ ಹಲವು ಕಿಣ್ವಗಳ ವಂಶವಾಹಿಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚುತ್ತದೆ. ಅದೇ ಕೂಗಿಗೆ ಝಡ್‌ಸಿಟಿ ಎಂಬ ತಡೆ ಪ್ರೋಟೀನುಗಳೂ ಏಳುತ್ತವೆ. ವಿಷ ಬೇಕು, ಆದರೆ ತನಗೇ ಭಾರವಾಗುವಷ್ಟು ಬೇಡ.

ಈಗ ಎಲೆಯನ್ನು ಅಡ್ಡ ಸೀಳಿ ನೋಡಿ. ಮೇಲ್ಪೊರೆಯಲ್ಲಿ ತಯಾರಾದ ಕ್ಯಾಥರಾಂಥಿನ್ ಎಂಬ ಆಲ್ಕಲಾಯ್ಡ್ ಎಲೆಯ ಹೊರಮೈಯ ಮೇಣ ಸೇರುತ್ತದೆ. ಇನ್ನೊಂದು ಆಲ್ಕಲಾಯ್ಡ್ ವಿಂಡೋಲಿನ್ ಒಳಗಿನ ಬೇರೆ ಬಗೆಯ ಕೋಶಗಳಲ್ಲಿ ಪೂರ್ಣವಾಗುತ್ತದೆ. ಅದರ ಕೊನೆಯ ಹಂತದ ವಂಶವಾಹಿಗಳನ್ನು ಬಿಸಿಲು ಹುರಿದುಂಬಿಸುತ್ತದೆ. ಇವೆರಡೂ ಕೂಡಿದರೇ ಕ್ಯಾನ್ಸರಿನ ಮದ್ದು ವಿನ್‌ಬ್ಲಾಸ್ಟಿನ್. ಬೇರೆ ಬೇರೆ ಕೋಣೆಯಲ್ಲಿರುವ ಇವು ಕೂಡುವುದೇ ಅಪರೂಪ. ಅದಕ್ಕೇ 1 ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕೆ.ಜಿ. ಒಣ ಎಲೆ ಬೇಕು.

1958ರಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಈ ಎಲೆಯಿಂದ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಸಕ್ಕರೆ ಕಾಯಿಲೆಗೆ ಮದ್ದಾದೀತೆಂದು ಎಲೆಯ ಕಷಾಯ ಪರೀಕ್ಷಿಸುವಾಗ ಇಲಿಗಳ ಬಿಳಿ ರಕ್ತಕಣಗಳು ಕುಸಿದದ್ದು ಅವರ ಕಣ್ಣಿಗೆ ಬಿದ್ದಿತ್ತು. ವಿನ್‌ಬ್ಲಾಸ್ಟಿನ್‌ನ ಸೋದರ ಅಣು ವಿನ್‌ಕ್ರಿಸ್ಟಿನ್ ಇಂದು ರಕ್ತದ ಕ್ಯಾನ್ಸರ್ ಇರುವ ಮಕ್ಕಳ ರಕ್ತನಾಳಕ್ಕೆ ಇಳಿಯುತ್ತದೆ. ಹೆಚ್ಚು ಮದ್ದು ಬೇಕೆಂದು ಲ್ಯಾಬಿನಲ್ಲಿ ಓರ್ಕಾ-3 ಒಂದನ್ನೇ ಹೆಚ್ಚಿಸಿ ನೋಡಿದರು. ಕೆಲವು ಕಿಣ್ವಗಳು ಆ ಮೇಸ್ತ್ರಿಯ ಮಾತು ಕೇಳಲಿಲ್ಲ. 2022ರಲ್ಲಿ ಯೀಸ್ಟಿನೊಳಗೆ ಹತ್ತಾರು ವಂಶವಾಹಿಗಳನ್ನು ಕೂರಿಸಿ ವಿನ್‌ಬ್ಲಾಸ್ಟಿನ್‌ನ ಎರಡೂ ಭಾಗಗಳನ್ನು ಮಾಡಿಸಿದರು. ದಾರಿ ಮಾತ್ರ ಗಿಡ ತೋರಿಸಿದ್ದೇ.

ಹೊರಗೆ ಬನ್ನಿ. ಬಿಸಿಲು ಬಲಿತಿದೆ. ಹುಳು ಆ ಎಲೆ ಬಿಟ್ಟು ಕಾಂಡದಲ್ಲಿ ಇಳಿಯುತ್ತಿದೆ. ಮುಂದಿನ ಸಲ ಬೇಲಿ ಸವರುವಾಗ ಈ ಗಿಡದ ಬುಡಕ್ಕೆ ಕುಡುಗೋಲು ತಾಗದಂತೆ ನೋಡಿಕೊಳ್ಳಿ.